ಎರಡು ರೊಟ್ಟಿಗೆ ಒಂದು ಒಪ್ಪೋಲೆ

ಹಳೆಯ ಪುಸ್ತಕ ಕೈಗೆ ಸಿಕ್ಕಿದರೆ ನಾನು ಮೊದಲು ತೆರೆಯುವುದು ಕೊನೆಯ ಪುಟವನ್ನು. ಕಥೆ ಏನಾಯಿತೆಂದು ತಿಳಿಯುವ ಆತುರ ನನಗಿಲ್ಲ. ಅಲ್ಲಿ ಒಪ್ಪೋಲೆ ಇದೆಯೇ ಎಂದು ನೋಡುತ್ತೇನೆ. 'ಇಂಥ ಪುಟ, ಇಂಥ ಸಾಲು, ಹೀಗಿರುವುದನ್ನು ಹೀಗೆ ಓದಿಕೊಳ್ಳುವುದು' ಎಂದು ಒಳಗಿನ ತಪ್ಪುಗಳಿಗೆಲ್ಲ ಸರಿಯನ್ನು ಅಚ್ಚು ಹಾಕಿ ಅಂಟಿಸುತ್ತಿದ್ದ ಆ ಚೀಟಿಯಷ್ಟು ಪ್ರಾಮಾಣಿಕವಾದ ಸಾಹಿತ್ಯವನ್ನು ನಾನು ಬೇರೆ ಕಂಡಿಲ್ಲ. ಉಳಿದೆಲ್ಲ ಪುಟಗಳಲ್ಲಿ ಲೇಖಕ ಸರ್ವಜ್ಞ. ಅದೊಂದು ಪುಟದಲ್ಲಿ ಮಾತ್ರ ಮನುಷ್ಯ. ಈಚಿನ ಪುಸ್ತಕಗಳಲ್ಲಿ ಒಪ್ಪೋಲೆ ಕಾಣುವುದಿಲ್ಲ. ತಪ್ಪು ಮಾಡುವ ಅಭ್ಯಾಸ ಹಾಗೇ ಇದೆ, ಒಪ್ಪುವ ಅಭ್ಯಾಸ ತಪ್ಪಿದೆ. ನನ್ನ ಪುಸ್ತಕದಲ್ಲೂ ಅದು ಇರಲಿಲ್ಲ. ಇರಬೇಕಿತ್ತೆಂದು ನನಗೆ ತಿಳಿದದ್ದು ಕಳೆದ ಭಾನುವಾರ, ಹೊಳೆನರಸೀಪುರದಲ್ಲಿ, ಊಟದ ಹೊತ್ತಿನಲ್ಲಿ, ಹದಿನಾಲ್ಕು ಜನ ಸಾಕ್ಷಿಗಳ ಸಮ್ಮುಖದಲ್ಲಿ.

ಈಗ ಒಂದು ಹೊಸ ಪದ್ಧತಿ ಬಂದಿದೆ, ನಿಮಗೂ ಗೊತ್ತಿರಬಹುದು. ಲೇಖಕನನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿ, ಓದುಗರು ಹಿಂದೆ ಕೂತು, ಅವನು ಬರೆದ ಊರುಗಳನ್ನು ಒಂದು ಹಗಲಿನಲ್ಲಿ ಸುತ್ತಿ ಬರುವುದು. ಒಂದು ಗುಡಿ, ಒಂದು ಹೊಳೆ, ಒಂದು ಊಟ, ನಡುನಡುವೆ ಒಂದೊಂದು ಪುಟ. ಹಿಂದೆಲ್ಲ ಲೇಖಕ ತೀರಿಕೊಂಡ ಮೇಲೆ ಅವನ ಮನೆ, ಅವನ ಕುರ್ಚಿ, ಅವನ ಕನ್ನಡಕ ತೋರಿಸುತ್ತಿದ್ದರು. ಈಗ ಕನ್ನಡಕ ಮೂಗಿನ ಮೇಲಿರುವಾಗಲೇ ತೋರಿಸಿಬಿಡುತ್ತಾರೆ.

ಹಾಸನದ ಶ್ವೇತಾ ಎಂಬ ಉತ್ಸಾಹಿ ಹೆಣ್ಣುಮಗಳು ಇಂಥ ಪ್ರವಾಸಗಳನ್ನು ನಡೆಸುತ್ತಾಳೆ. "ಸರ್, ನಿಮ್ಮ ಜೊತೆ ಒಂದು ಹಗಲು ಅಂತ ಮಾಡೋಣ" ಎಂದು ಫೋನಿನಲ್ಲಿ ಕೇಳಿದಳು. ನಾನು ಸಂಕೋಚದ ಗಾಂಭೀರ್ಯದಿಂದ ತಡವರಿಸುತ್ತಿರುವಾಗ ನನ್ನ ಹೆಂಡತಿ ಅಡುಗೆಮನೆಯಿಂದಲೇ, "ನಲವತ್ತು ವರ್ಷ ನಾನು ತಡ್ಕೊಂಡಿದೀನಿ, ಒಂದು ಹಗಲು ಅವರೂ ತಡ್ಕೊಳ್ಳಲಿ ಬಿಡಿ" ಎಂದು ತೀರ್ಪು ಕೊಟ್ಟಳು. ಒಪ್ಪಿದೆ.

ಒಪ್ಪಿದ್ದು ತಪ್ಪಾಯಿತೆಂದು ತಿಳಿದದ್ದು ಕಾರ್ಯಕ್ರಮದ ಪಟ್ಟಿ ಮೊಬೈಲಿಗೆ ಬಂದಾಗ. ಬೆಳಗ್ಗೆ ಕೊರವಂಗಲದ ಬೂಚೇಶ್ವರ ದೇವಾಲಯ. ಸಂಜೆ ಹೇಮಾವತಿಯ ದಡ. ಇವೆರಡರ ನಡುವೆ: 'ಹೊಳೆನರಸೀಪುರದಲ್ಲಿ, "ಎರಡು ರೊಟ್ಟಿ" ಪ್ರಬಂಧದ ಜಯಕ್ಕನವರ ಮನೆಯಲ್ಲೇ ಊಟ. ಅಲ್ಲಿಯೇ ಲೇಖಕರಿಂದ ಪ್ರಬಂಧ ವಾಚನ.'

ಈ ಪ್ರಬಂಧದ ಕಥೆ ಹೇಳದೆ ನನ್ನ ಸಂಕಟ ನಿಮಗೆ ತಿಳಿಯದು. ನನಗೆ ಮೊದಲು ಮೇಷ್ಟ್ರ ಕೆಲಸ ಸಿಕ್ಕಿದ್ದು ಹೊಳೆನರಸೀಪುರದಲ್ಲಿ. ಜಯಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಎರಡು ವರ್ಷ ವಾಸ, ಊಟವೂ ಅವರಲ್ಲೇ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನಿಂದ ಅಮ್ಮ ಪ್ರತಿ ಸೋಮವಾರ ಬೆಳಗಿನ ಬಸ್ಸಿಗೆ ಅಕ್ಕಿರೊಟ್ಟಿಯ ಗಂಟು ಕಳಿಸುತ್ತಿದ್ದಳು. ಕಂಡಕ್ಟರ್ ಅದನ್ನು ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯಲ್ಲಿ ಇಳಿಸುತ್ತಿದ್ದ, ಜಯಕ್ಕ ತಂದಿಡುತ್ತಿದ್ದರು. ಸಂಜೆ ನಾನು ಬರುವ ಹೊತ್ತಿಗೆ ಎದುರಿಗೆ ಎರಡು ಬಗೆಯ ರೊಟ್ಟಿ. ಗಂಟಿನಲ್ಲಿದ್ದ ಅಮ್ಮನ ರೊಟ್ಟಿ ಕರವಸ್ತ್ರದಂತೆ ಮಡಿಸಬಹುದಾದಷ್ಟು ಮೆತ್ತಗೆ. ತಟ್ಟೆಯಲ್ಲಿದ್ದ ಜಯಕ್ಕನ ರೊಟ್ಟಿಯ ವಿಷಯದಲ್ಲಿ ನಾನು, ವರ್ಗವಾಗಿ ಬೇರೆ ಊರಿಗೆ ಹೋದ ಮೇಲೆ, ದೂರದ ಧೈರ್ಯದಿಂದ ಬರೆದೆ: ಹೆಂಚು ಒಡೆದ ಮನೆಯವರು ಇದನ್ನು ಮಾಡಿಗೆ ಹೊದಿಸಬಹುದು, ಹೇಮಾವತಿಗೆ ಅಣೆ ಕಟ್ಟಿದವರು ಸುಮ್ಮನೆ ಕಲ್ಲು ಹೊತ್ತರು. ಕೊನೆಗೆ ಒಂದು ಭಾವಪೂರ್ಣ ವಾಕ್ಯ: 'ತಾಯಿ ತಟ್ಟಿದ ರೊಟ್ಟಿ ಇಪ್ಪತ್ತು ಮೈಲಿ ಬಂದರೂ ಒಣಗುವುದಿಲ್ಲ.'

ಈ ವಾಕ್ಯ ಮಕ್ಕಳ ಪಠ್ಯಪುಸ್ತಕವನ್ನು ಸೇರಿತು. ಅದರ ಸ್ವಾರಸ್ಯವನ್ನು ಸಂದರ್ಭಸಹಿತ ವಿವರಿಸಿ ಎಷ್ಟು ಮಕ್ಕಳು ಪಾಸಾದರೋ, ಎಷ್ಟು ಮಕ್ಕಳು ನನ್ನನ್ನು ಶಪಿಸಿದರೋ! ಅದರ ದೆಸೆಯಿಂದ ನಾನೂ ಅಲ್ಲಲ್ಲಿ ಶಾಲು ಹೊದ್ದೆ. ಹೊಳೆನರಸೀಪುರದ ಆ ಬೀದಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಜಯಕ್ಕನ ಹೆಸರನ್ನು ಬದಲಿಸದೆ ಹಾಗೆಯೇ ಬರೆದಿದ್ದೆ. ಅವರಿಗೆ ಓದು ಬಾರದು ಎಂಬುದೇ ನನಗಿದ್ದ ಆಸರೆ. ಈಗ ಎಂಬತ್ತು ದಾಟಿದ ಆ ಹೆಂಗಸಿನ ಮನೆಯಲ್ಲಿ, ಅವರೇ ತಟ್ಟಿದ ರೊಟ್ಟಿ ಮುಂದಿಟ್ಟುಕೊಂಡು, ನನ್ನ ಬಾಯಿಂದಲೇ ಆ ಹೆಂಚಿನ ಮಾತನ್ನು ಓದಬೇಕು.

ತಪ್ಪಿಸಿಕೊಳ್ಳಲು ನನ್ನಿಂದಾದ ಪ್ರಯತ್ನ ಮಾಡಿದೆ. ಪುಸ್ತಕವನ್ನು ಮನೆಯಲ್ಲೇ ಮರೆತು ಬಂದೆ. ಶ್ವೇತಾ ಹದಿನೈದು ಜೆರಾಕ್ಸ್ ಪ್ರತಿ ತಂದಿದ್ದಳು. ಕೊರವಂಗಲದಲ್ಲಿ ಹೊತ್ತು ಕಳೆಯೋಣವೆಂದು ಒಂದು ಕಂಬದ ಮುಂದೆ ನಿಂತು, ತಿರುಗಣಿಯಲ್ಲಿ ಕಡೆದ ಆ ನುಣುಪಿನ ಬಗ್ಗೆ, ಕಡೆದವನ ಬಗ್ಗೆ, ಅವನ ಊಟೋಪಚಾರದ ಬಗ್ಗೆ, ತಿಳಿದದ್ದನ್ನೂ ತಿಳಿಯದ್ದನ್ನೂ ಸೇರಿಸಿ ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ ವ್ಯಾನಿನ ಡ್ರೈವರ್ ಒಳಗೆ ಬಂದು, "ಸಾ, ಆ ಕಂಬ ಎಂಟ್ನೂರು ವರ್ಸದಿಂದ ಅಲ್ಲೇ ಐತೆ, ಎಲ್ಗೂ ಓಗಾಕಿಲ್ಲ. ಅಲ್ಲಿ ಊಟ ಆರೋಯ್ತದೆ, ಅತ್ಕಳಿ" ಎಂದ. ಹತ್ತಿದೆ. ವರ್ಷಗಟ್ಟಲೆಯಿಂದ ಕಟ್ಟುತ್ತಲೇ ಇರುವ ಬೂವನಹಳ್ಳಿಯ ವಿಮಾನ ನಿಲ್ದಾಣ ಮುಗಿಯುವವರೆಗಾದರೂ ಈ ಪ್ರವಾಸವನ್ನು ಮುಂದೂಡಿಸಬಾರದಿತ್ತೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಹಿಂದಿನ ಸೀಟಿನಲ್ಲಿ ಅರಕಲಗೂಡಿನ ವಿಶಾಲಮ್ಮ ಇದ್ದರು. ನಿವೃತ್ತ ಉಪಾಧ್ಯಾಯಿನಿ. ನನ್ನ ಪಾಠವನ್ನು ಮಕ್ಕಳಿಗೆ ಹೇಳಿದವರು. ಅಂದರೆ ನನಗಿಂತ ಹೆಚ್ಚು ಸಲ ಅದನ್ನು ಓದಿದವರು.

"ಸರ್, ಆಗಿನಿಂದ ಒಂದು ಅನುಮಾನ. ಬೆಳಗ್ಗೆ ತಟ್ಟಿದ ಅಕ್ಕಿರೊಟ್ಟಿ ಸಂಜೆವರೆಗೂ ಮೆತ್ತಗೆ ಹ್ಯಾಗಿರ್ತಿತ್ತು?"

"ತಾಯಿ ಪ್ರೀತಿ ಅಂತ ಬರೆದಿದೀನಲ್ಲಮ್ಮ."

"ಪ್ರೀತಿ ಸರಿ ಸರ್. ನಾನು ಕೇಳಿದ್ದು ಅಕ್ಕಿಹಿಟ್ಟಿನ ವಿಚಾರ."

ವಿಮರ್ಶಕರು ನನ್ನನ್ನು ಹಲವು ಪ್ರಶ್ನೆ ಕೇಳಿದ್ದಾರೆ. ಇಷ್ಟು ಮೂಲಭೂತವಾದುದನ್ನು ಯಾರೂ ಕೇಳಿರಲಿಲ್ಲ. ನಾನು ಕಿಟಕಿಯಾಚೆ ತೆಂಗಿನ ಮರಗಳನ್ನು ಎಣಿಸತೊಡಗಿದೆ.

ಜಯಕ್ಕ ಬಾಗಿಲಲ್ಲೇ ನಿಂತಿದ್ದರು. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. "ಬನ್ನಿ ಮೇಷ್ಟ್ರೇ. ಕಡ್ಡಿ ಅಂಗಿದ್ರಿ, ಎಂಥಾ ಒಟ್ಟೆ ಬಂದ್‌ಬುಟ್ಟೈತೆ! ಬ್ಯಾರೆ ಊರ್ನಲ್ಲಿ ರೊಟ್ಟಿ ಚೆನ್ನಾಗ್ ಆಕವ್ರೆ ಬುಡಿ." ಆ 'ರೊಟ್ಟಿ'ಯ ಮೇಲೆ ಬಿದ್ದ ಒತ್ತನ್ನು ನಾನು ಕೇಳಿಸಿಕೊಳ್ಳದವನಂತೆ ಒಳಗೆ ಹೋದೆ.

ಎಲ್ಲರಿಗೂ ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳಿನ ಸಾರು, ಬೆಣ್ಣೆ. ನನ್ನ ತಟ್ಟೆಯಲ್ಲಿ ಮಾತ್ರ ಎರಡು ರೊಟ್ಟಿ. ಒಂದು ಹೊಗೆಯಾಡುತ್ತಿತ್ತು. ಇನ್ನೊಂದು ಅಂಚು ಮೇಲಕ್ಕೆದ್ದು, ನಾನು ಪಠ್ಯಪುಸ್ತಕದಲ್ಲಿ ವರ್ಣಿಸಿದ ಹಾಗೆಯೇ ಇತ್ತು. ಅಷ್ಟರಲ್ಲಿ ಶ್ವೇತಾ ಜೆರಾಕ್ಸ್ ಪ್ರತಿಯನ್ನು ಕೈಗಿಟ್ಟಳು. ಗಂಟಲು ಸರಿಯಿಲ್ಲ ಎಂದೆ. ಕೆಮ್ಮಿಯೂ ತೋರಿಸಿದೆ.

"ಓದಿ ಮೇಷ್ಟ್ರೇ" ಎಂದರು ಜಯಕ್ಕ. "ಆ ಎಂಚಿನ ತಾವ್ಲಿಂದ ಓದಿ. ನಮ್ ಕಿರೀ ಮಗಳು ಇಸ್ಕೂಲ್ಗೆ ಓಗೋವಾಗ ಅದೇ ಪಾಠವ ಮನೆ ತುಂಬಾ ಕೂಗ್ತಿದ್ಲು. ನಂಗೂ ಬಾಯ್ಪಾಠ ಆಗೈತೆ."

ಭೂಮಿ ಬಾಯಿ ಬಿಡಲಿಲ್ಲ, ನಾನೇ ಬಿಡಬೇಕಾಯಿತು. ಓದಿದೆ. ಎಲ್ಲರಿಗಿಂತ ಹೆಚ್ಚು ನಕ್ಕವರು ಜಯಕ್ಕ. ಕೊನೆಯ ವಾಕ್ಯ ಮುಗಿದು ಚಪ್ಪಾಳೆಯಾಗುತ್ತಿದ್ದಂತೆ ವಿಶಾಲಮ್ಮ ತಮ್ಮ ಸಂಶೋಧನೆಯನ್ನು ಮುಂದುವರಿಸಿದರು: "ಅಲ್ಲಮ್ಮ, ಇವರ ತಾಯಿ ಕಳಿಸಿದ ರೊಟ್ಟಿ ಅಷ್ಟೊತ್ತಾದ್ರೂ ಮೆತ್ತಗೆ ಹ್ಯಾಗಿರ್ತಿತ್ತು?"

ಜಯಕ್ಕ ನನ್ನ ಮುಖ ನೋಡಿದರು. "ಇವ್ರಿಗೆ ಇನ್ನೂವೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ.

"ಅದು ಬಿಸ್ಲಲ್ಲಿ ಬಂದು, ನೀವು ಇಸ್ಕೂಲ್ ಬುಟ್ಟು ಬರೋ ಒತ್ಗೆ ಅಪ್ಪಳ ಆಗಿರದು ಮೇಷ್ಟ್ರೇ. ಮೊದಲ್ನೇ ವಾರ ನೀವು ಗಂಟು ಬಿಚ್ಚಿ, ಮುರ್ಯಕ್ಕೆ ಓಗಿ ಮುರೀದೆ, ಗ್ವಾಡೆ ಕಡೀಕೆ ತಿರುಕ್ಕಂಡು ಕುಂತ್ರಲ್ಲ, ನಾನು ಬಾಗ್ಲಲ್ಲೇ ಇದ್ದೆ. ಅವತ್ತಿಂದ ನಂದು ಬಿಸೀದ ಗಂಟಿಗೆ ಕಟ್ಟಿ ಮಡಗ್ತಿದ್ದೆ. ನಿಮ್ಮಮ್ಮಂದ ತಟ್ಟೆಗಾಕ್ತಿದ್ದೆ."

"ತಟ್ಟೆಗೆ ಯಾಕೆ ಹಾಕ್ತಿದ್ರಿ ಜಯಕ್ಕ? ದನಕ್ಕೆ ಹಾಕಬಹುದಿತ್ತಲ್ಲ!"

"ಬಿಡ್ತು ಅನ್ನಿ! ಆವಮ್ಮ ಕೋಳಿ ಕೂಗೋ ಒತ್ಗೆ ಎದ್ದು ತಟ್ಟಿ ಕಳ್ಸಿರದು, ನಿಮ್ ಒಟ್ಟೆಗೆ ಓಗ್ಬೇಕೋ ಬ್ಯಾಡ್ವೋ?"

ಜಯಕ್ಕ ವಿಶಾಲಮ್ಮನ ತಟ್ಟೆಗೆ ಬೆಣ್ಣೆ ಹಾಕುತ್ತಾ ಮುಂದುವರಿಸಿದರು. "ರೊಟ್ಟಿ ಮೆತ್ತಗೈತೆ ಅಂತ ಇವ್ರು ಊರ್ಗೆ ಕಾಗ್ದ ಬರ್ದವ್ರೆ ಅಂತ ಕಾಣ್ತದೆ. ಅದರ ಮುಂದ್ಲ ವಾರದಿಂದ ಗಂಟಿನ ತಳದಾಗೆ ಒಂದು ಕೊಬ್ರಿ ಗಿಟುಕು, ಒಂದು ಪೊಟ್ಟಣ ಅರಿಸ್ನ ಕುಂಕ್ಮ. ಮದ್ವೆ ಆಗ್ದೆ ಇರೋ ಮೇಷ್ಟ್ರಿಗೆ ಯಾರಾನ ಅರಿಸ್ನ ಕುಂಕ್ಮ ಕಳಿಸ್ತಾರಾ? ನಂಗೇ ಅಂತ ಗೊತ್ತಾಯ್ತು. ಎರಡು ವರ್ಸ ಕಳ್ಸುದ್ರು ತಾಯಿ. ಒಂದ್ ಕಿತಾನೂ ಮುಖ ನೋಡಿಲ್ಲ."

ಆಗ ನನಗೆ ನೆನಪಾಯಿತು. ಪ್ರಬಂಧ ಅಚ್ಚಾದಾಗ ಊರಿಗೆ ಹೋಗಿ ಅಮ್ಮನಿಗೆ ಓದಿ ಹೇಳಿದ್ದೆ. ಹೆಂಚಿನ ಜಾಗ ಬಂದಾಗ ಅಮ್ಮ ಕಣ್ಣೀರು ಬರುವಷ್ಟು ನಕ್ಕಿದ್ದಳು. ಅದು ನನ್ನ ಹಾಸ್ಯಶಕ್ತಿಯ ಪ್ರಥಮ ವಿಜಯವೆಂದು ಇಷ್ಟು ಕಾಲ ನಂಬಿದ್ದೆ. ನಕ್ಕು ಮುಗಿದ ಮೇಲೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆ ತಾಯಿನ ಏನೂ ಅನ್ಬ್ಯಾಡ ಕಣಪ್ಪ. ರೊಟ್ಟಿ ಅಂಗೇ ಇದ್ದಿರ್ಬೇಕು ಬುಡು" ಎಂದಿದ್ದಳು. ನಾನು ಅದನ್ನು ಹಳ್ಳಿಯ ಹೆಂಗಸಿನ ಔದಾರ್ಯ ಎಂದುಕೊಂಡೆ. ಅಮ್ಮ ಹೋಗಿ ಬಹಳ ವರ್ಷಗಳಾದವು. ಒಬ್ಬರನ್ನೊಬ್ಬರು ನೋಡದ ಇಬ್ಬರು ಹೆಂಗಸರು ಒಂದು ಬಟ್ಟೆಗಂಟಿನೊಳಗೆ ಎರಡು ವರ್ಷ ಮಾತಾಡಿಕೊಂಡಿದ್ದಾರೆ. ದಿನವೂ ಮಕ್ಕಳಿಗೆ ಪದಗಳ ಅರ್ಥ ಹೇಳುತ್ತಿದ್ದ ಮೇಷ್ಟ್ರು ಆ ಗಂಟನ್ನು ಬಿಚ್ಚಿ, ತಿಂದು, ಕೈ ತೊಳೆದಿದ್ದಾನೆ.

"ಮುಂದಿನ ಮುದ್ರಣದಲ್ಲಿ ತಿದ್ತೀನಿ ಜಯಕ್ಕ" ಎಂದೆ. ಅದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ.

"ಏನ್ ತಿದ್ದೀರಿ? ಮಕ್ಳೆಲ್ಲ ಪಾಸಾಗಿ ಓಗಾಯ್ತು. ಮೊದ್ಲು ಉಣ್ಣಿ. ಇವತ್ತು ಎಲ್ಡೂ ನಂದೇಯ. ಇದು ಬೆಳಗ್ಗೆ ತಟ್ಟಿ ಬಿಸ್ಲಿಗೆ ಮಡಗಿದ್ದು, ನಿಮ್ಮಮ್ಮನ ಲೆಕ್ಕಕ್ಕೆ. ಯಾವ್ದು ಬೇಕು?"

ನನ್ನ ಮೇಲಿನ ಸಾಲಿನ ಹಲ್ಲುಗಳು ಈಗ ಹಾಸನದ ದಂತವೈದ್ಯರೊಬ್ಬರ ಕೃತಿ. ಆದರೂ ಗಟ್ಟಿಯದನ್ನೇ ಎತ್ತಿಕೊಂಡೆ. ರೊಟ್ಟಿಯೇ ಮುರಿಯಿತು. ಸಾರಿನಲ್ಲಿ ಅದ್ದಿದೆ, ಕಾದೆ, ಮತ್ತೆ ಅದ್ದಿದೆ. ವಿಶಾಲಮ್ಮ ಪ್ರಯೋಗಶಾಲೆಯ ಆಸಕ್ತಿಯಿಂದ ನೋಡುತ್ತಿದ್ದರು. ಕೊನೆಯ ತುಂಡನ್ನು ಮಾತ್ರ ಅದ್ದದೆ ಹಾಗೆಯೇ ಬಾಯಿಗಿಟ್ಟುಕೊಂಡೆ. ಹೇಮಾವತಿಯ ದಡಕ್ಕೆ ಬಂದಾಗಲೂ ಅದು ದವಡೆಯಲ್ಲೇ ಇತ್ತು. ಎಲ್ಲರೂ ಮೆಟ್ಟಿಲ ಮೇಲೆ ಕೂತು, "ಹೊಳೆ ಬಗ್ಗೆ ನಾಲ್ಕು ಮಾತು ಹೇಳಿ ಸರ್" ಎಂದರು. ಹೇಳುವಂತಿರಲಿಲ್ಲ. ಕೈಯೆತ್ತಿ ಹೊಳೆಯನ್ನು ತೋರಿಸಿದೆ. ನನ್ನ ಭಾಷಣಗಳಲ್ಲಿ ಅದೇ ಶ್ರೇಷ್ಠವಾದದ್ದೆಂದು ಶ್ವೇತಾ ಆಮೇಲೆ ತಿಳಿಸಿದಳು.

ನನ್ನ ಪುಸ್ತಕ ಮರುಮುದ್ರಣವಾಗುವ ಲಕ್ಷಣಗಳೇನೂ ಸದ್ಯಕ್ಕಿಲ್ಲ. ಆದರೂ ಮನೆಗೆ ಬಂದವನು ನನ್ನ ಪ್ರತಿಯ ಕೊನೆಯ ಖಾಲಿ ಹಾಳೆಯಲ್ಲಿ, ಸಾಲು ಎಳೆದು, ವಿಧಿವತ್ತಾಗಿ ಒಪ್ಪೋಲೆ ಬರೆಯಲು ಕೂತೆ. ಪುಟ ಇಪ್ಪತ್ಮೂರು, ಗಟ್ಟಿ ರೊಟ್ಟಿಯ ಸಂದರ್ಭ: 'ಜಯಕ್ಕ' ಎಂದಿರುವಲ್ಲಿ 'ತಾಯಿ' ಎಂದು ಓದಿಕೊಳ್ಳುವುದು. ಅದೇ ಪುಟ, ಮೆತ್ತನೆಯ ರೊಟ್ಟಿಯ ಸಂದರ್ಭ: 'ತಾಯಿ' ಎಂದಿರುವಲ್ಲಿ...

ಇಲ್ಲಿ ಲೇಖನಿ ನಿಂತಿತು. ಪುಸ್ತಕದ ಆ ಸಾಲನ್ನು ಮೂರು ದಿನದಿಂದ ಓದುತ್ತಿದ್ದೇನೆ. ಅದರಲ್ಲಿ ತಪ್ಪೇನೂ ಕಾಣುತ್ತಿಲ್ಲ.