ಟ್ಯೂಬಿಗೆ ಹಾಲು ಹೊಯ್ಯುತ್ತಿದ್ದ ಮಾಮಾ

ಬಿಸಿನೀರಿನ ರಬ್ಬರ್ ಚೀಲದ ಮೇಲೆ ಹಾಲು ಚೆಲ್ಲಿದ್ದನ್ನು ಮೊನ್ನೆ ಯಾರೂ ನೋಡಿರಲಿಲ್ಲ. ಮರುದಿನ ಮುಲುಂಡಿನ ನಮ್ಮ ಮನೆಯೆಲ್ಲ ಹುಳಿ ನಾತ. ಸೊಸೆ ಮೂಗು ಮುಚ್ಚಿಕೊಂಡಳು. ಹುಳಿತ ಹಾಲು, ರಬ್ಬರ್... ನನಗೆ ಮಲಾಡಿನ ಸೈಕಲ್ ಅಂಗಡಿಯ ಮಾಮಾ ನೆನಪಾದರು.

ಐವತ್ತರ ದಶಕದ ಮಾತು. ನಾನು ಮಲಾಡಿನ ಚಾಳಿನ ಒಂದೇ ಕೋಣೆಯ ಮನೆಯಿಂದ ಜೋಗೇಶ್ವರಿಯ ಕಾರಖಾನೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಗುಮಾಸ್ತ. ದಾರಿಯುದ್ದಕ್ಕೂ ಜಾಲಿಮುಳ್ಳು. ಚಾಳಿನವರೆಲ್ಲ ಮಾಮಾ ಎಂದು ಕರೆಯುತ್ತಿದ್ದ, ವಿಜಾಪುರದ ಕಡೆಯ ಆ ಅಂಗಡಿಯವರು ಹಾಲಿಗೆ ಗೋಂದು ಕದಡಿ ಒಂದು ಔಷಧ ಮಾಡಿಕೊಂಡಿದ್ದರು. ವಾಲ್ವ್ ಬಿಚ್ಚಿ ಅದನ್ನು ಟ್ಯೂಬಿನೊಳಗೆ ಹೊಯ್ದರೆ, ಮುಳ್ಳು ಚುಚ್ಚಿದ ತೂತು ಒಳಗಿನಿಂದಲೇ ಮುಚ್ಚಿಕೊಳ್ಳುತ್ತಿತ್ತು. ಆದರೆ ಹೊಯ್ದ ಕೂಡಲೇ ಒಂದು ಮೈಲಿ ಓಡಿಸಬೇಕು, ಇಲ್ಲವಾದರೆ ಅದು ಒಂದೇ ಕಡೆ ಹೆಪ್ಪುಗಟ್ಟುತ್ತಿತ್ತು. ಉಡುಪಿ ಹೋಟೆಲೊಂದರ ಮಾಲೀಕರು ಊಟ ಒಯ್ಯುವ ತಮ್ಮ ಸೈಕಲ್ಲುಗಳನ್ನೆಲ್ಲ ಮಾಮಾಗೆ ಒಪ್ಪಿಸುವವರಿದ್ದರು. ಅದು ಕೈಗೂಡಿದರೆ ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕೆಂದು ಮಾಮಾ ಕಾದಿದ್ದರು.

ದಸರೆಯ ಹಿಂದಿನ ದಿನ, ಆಯುಧ ವಾಹನಗಳನ್ನು ಪೂಜಿಸುವ ಖಂಡೇಪೂಜೆಯ ಬೆಳಿಗ್ಗೆ ನಾನು ಔಷಧ ಹಾಕಿಸಿಕೊಂಡೆ. ಅಂಗಡಿ ಚಾಳಿನ ಎದುರಿಗೇ ಇತ್ತು. ಸೈಕಲ್ ತಳ್ಳಿಕೊಂಡು ಬಂದರೆ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕುಂಕುಮ ಹಚ್ಚಿ ಹೂ ಏರಿಸಿಯೇಬಿಟ್ಟಳು. ಪೂಜೆಗೆ ಕೂಡಿಸಿದ ಸೈಕಲ್ಲನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ನಾನೂ ಹೋಳಿಗೆ ಉಂಡು ಮಲಗಿದೆ.

ದಸರೆ ಮುಗಿಸಿ ಕೆಲಸಕ್ಕೆ ಹೊರಟರೆ ಚಕ್ರ ಮೆತ್ತಗಾಗಿತ್ತು. ಪಂಪು ಹೊಡೆದರೂ ಗಾಳಿ ಒಳಗೆ ಹೋಗಲೊಲ್ಲದು. ವಾಲ್ವಿನ ಬಾಯಲ್ಲಿ ಮೊಸರಿನಂಥ ಗಡ್ಡೆ. ಸಿಟ್ಟು ನೆತ್ತಿಗೇರಿತು. ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಕೂಗಾಡಿದೆ. ಹೋಟೆಲಿನ ಮಾಲೀಕರು ಅಲ್ಲೇ ನಿಂತಿದ್ದರು.

ಮಾಮಾ ಟ್ಯೂಬನ್ನು ತಿರುವಿ ನೋಡಿದರು. "ಹಾಕಿದ ಕೂಡ್ಲೇ ಓಡಿಸಿದ್ರಿ ಹೌದಲ್ಲ, ಸಾಹೇಬ್ರ?"

ಅಷ್ಟು ಕೂಗಾಡಿದ ಮೇಲೆ ಇಲ್ಲವೆನ್ನಲು ನನಗೆ ನಾಲಿಗೆ ಏಳಲಿಲ್ಲ. "ಓಡಿಸೀನಿ. ಒಂದಲ್ಲ, ಎರಡು ಮೈಲಿ," ಎಂದೆ.

"ಬೇಡ ಮಾರಾಯ್ರೆ," ಎಂದರು ಮಾಲೀಕರು. "ನಮ್ಮವರು ದಾರಿಯಲ್ಲಿ ನಿಂತ್ರೆ ಗಿರಾಕಿಗಳ ಊಟ ಏನಾಗ್ಬೇಕು?" ಹಾಗೆಂದು ಅವರು ಹೊರಟುಹೋದರು.

"ಹಂಗಾರ ನನ್ನ ಔಷಧದಾಗನ ಏನೋ ತಪ್ಪೈತಿ," ಎಂದು ಮಾಮಾ ಡಬ್ಬಿಯಲ್ಲಿದ್ದುದನ್ನೆಲ್ಲ ಗಟಾರಕ್ಕೆ ಸುರಿದರು. ನನ್ನ ಟ್ಯೂಬನ್ನು ತೊಳೆದುಕೊಟ್ಟು, ತಪ್ಪಾಯಿತೆಂದು ಕೈಯನ್ನೂ ಮುಗಿದರು...

ನಿಜ ಹೇಳಲೆಂದು ಎಷ್ಟೋ ಸಂಜೆ ಅಲ್ಲಿಗೆ ಹೋಗಿ, ಬರೀ ಗಾಳಿ ತುಂಬಿಸಿಕೊಂಡು ಬಂದೆ. ದೀಪಾವಳಿ ಕಳೆಯುತ್ತಲೇ ಅಂಗಡಿ ಮುಚ್ಚಿತು. ಊರಿಗೆ ಹೋದರೆಂದು ಯಾರೋ ಅಂದರು. ಯಾವ ಊರು ಎಂದು ನಾನು ಕೇಳಲಿಲ್ಲ, ಕೇಳಿದರೆ ಹೋಗಬೇಕಾಗುತ್ತಿತ್ತು.

ಈಗ ನನಗೇ ತೊಂಬತ್ತು. ಮಾಮಾ ಇರಲಾರರು. ಅವರ ಔಷಧದಲ್ಲಿ ತಪ್ಪೇನೂ ಇರಲಿಲ್ಲವೆಂದು ಆಗಲೇ ನನಗೆ ಗೊತ್ತಿತ್ತು, ಈಗ ನಿಮಗೂ ಗೊತ್ತಾಯಿತು. ಗೊತ್ತಾಗಬೇಕಿದ್ದವರಿಗೆ ಮಾತ್ರ ಗೊತ್ತಾಗಲಿಲ್ಲ.