ಟಿಯರ್ನಿಯ ಮಗಳು

ಪುಣೆಯ ಘೋರಪಡಿಯ ಚಾಳಿನಲ್ಲಿದ್ದ ಶಿವಗಂಗವ್ವನ ತಂದೆ ಟಿಯರ್ನಿ ಐರ್ಲೆಂಡಿನವನು. ಸೈನ್ಯ ಬಿಟ್ಟ ಮೇಲೆ ಅಲ್ಲೇ ರೈಲ್ವೆ ಕೆಲಸ ಹಿಡಿದು, ಅಥಣಿ ಕಡೆಯ ನಾಗವ್ವನ ಜೊತೆ ಸಂಸಾರ ಹೂಡಿದ್ದ. ಮಗಳಿಗೆ ತಾಯಿಯ ಕಪ್ಪು ಬಂತು. ಮಗ ಸುಂದರನಿಗೆ ತಂದೆಯ ಬಿಳುಪು, ತಂದೆಯ ಬೆಕ್ಕಿನ ಕಣ್ಣು. ಮಗ ಇನ್ನೂ ತೊದಲುತ್ತಿದ್ದಾಗಲೇ ಟಿಯರ್ನಿ ಸತ್ತ. ೧೯೧೮ರ ಇನ್‌ಫ್ಲುಯೆಂಜಾ ಜ್ವರಕ್ಕೆ ನಾಗವ್ವನೂ ಹೋದಳು.

ಹದಿನೇಳರ ಶಿವಗಂಗವ್ವನ ಕೈಯಲ್ಲಿ ಒಂಬತ್ತರ ತಮ್ಮ ಉಳಿದ. ತಾಯಿಯ ಕಡೆಯವರು ಜಾತಿ ಕೆಟ್ಟವರೆಂದು ಬಾಗಿಲು ಹಾಕಿದರು. ಚರ್ಚಿನವರು, ನಿಮ್ಮಪ್ಪ ಅವ್ವನದು ಮದುವೆಯೇ ಅಲ್ಲ ಎಂದರು. ಅವಳು ಆಸ್ಪತ್ರೆಯಲ್ಲಿ ಪಾತ್ರೆ ತೊಳೆದು ತಮ್ಮನಿಗೆ ಉಣ್ಣಿಸಿದಳು. ಅವನ ಎದೆ ಸದಾ ಗೊರಗೊರ ಅನ್ನುತ್ತಿತ್ತು. ಇವನೂ ಹೋಗುತ್ತಾನೆಂಬ ಹೆದರಿಕೆ ಅವಳನ್ನು ತಂದೆಯ ಕಡೆಯವರನ್ನು ಹುಡುಕಲು ಹಚ್ಚಿತು. ಗೊತ್ತಿದ್ದದ್ದು ತಂದೆ ಕುಡಿದಾಗ ಹೇಳುತ್ತಿದ್ದ ಊರಿನ ಹೆಸರು ಮಾತ್ರ. ಬ್ಯಾರಕ್ಕಿನ ಗೇಟಿನಲ್ಲಿ ನಿಂತು ಕಂಡ ಕಂಡ ಗೋರಾ ಸಿಪಾಯಿಗೆ, "ಕಿಲ್ರಶ್? ಟಿಯರ್ನಿ?" ಎಂದು ಕೇಳಿದಳು. ಕೆಲವರು ನಕ್ಕರು, ಒಬ್ಬ ಕೈ ಹಿಡಿದೆಳೆದ.

ಕೊನೆಗೆ ಆಸ್ಪತ್ರೆಯಲ್ಲೇ ಆ ಸೀಮೆಯ ನರ್ಸ್, ಸಿಸ್ಟರ್ ಬ್ರಿಜಿಡ್, ಸಿಕ್ಕಳು. ಅವಳು ಊರಿಗೆ ಬರೆದು ವಿಚಾರಿಸಿದಳು. ಟಿಯರ್ನಿಯ ತಾಯಿ ಸತ್ತಿದ್ದಳು, ಮನೆಯ ಮಾಡು ಕುಸಿದಿತ್ತು. ಮಕ್ಕಳಲ್ಲಿ ಇಬ್ಬರು ಅಮೆರಿಕಕ್ಕೆ ಹೋಗಿ ಪತ್ತೆಯಿರಲಿಲ್ಲ. ನೋರಾ ಎಂಬ ಮಗಳು, ಇವರ ಸೋದರತ್ತೆ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದಳು. ಅವಳಿಗೆ ಮಕ್ಕಳಿರಲಿಲ್ಲ.

ನೋರಾ ಹುಡುಗನನ್ನು ಕರೆಸಿಕೊಳ್ಳಲು ಒಪ್ಪಿದಳು. ಮುಂದಿನ ಮಾತು ಹೇಳಲು ಸಿಸ್ಟರ್ ತಡವರಿಸಿದಳು.

"ಅವನು ಬೆಳ್ಳಗಿದ್ದಾನೆಯೇ ಅಂತ ಕೇಳಿದ್ದಾಳೆ. ಕಪ್ಪಗಿದ್ದವರನ್ನು ಆ ದೇಶದಲ್ಲಿ ಇಳಿಯಗೊಡುವುದಿಲ್ಲ."

"ಬೆಳ್ಳಗ ಅದಾನ್ರಿ."

"ಮತ್ತೆ ನೀನು?"

"ನನ್ನ ಸುದ್ದಿ ಬರೀಬ್ಯಾಡ್ರಿ."

ಮುಂಬಯಿಯ ಬಂದರಿನಲ್ಲಿ ಸುಂದರ ಅವಳ ಸೆರಗು ಬಿಡಲಿಲ್ಲ. "ಅಕ್ಕಾ, ನೀನೂ ಬಾ."

"ಮುಂದಿನ ಹಡಗಿನ್ಯಾಗ ಬರ್ತೀನಿ, ನಡಿ," ಎಂದು ಸುಳ್ಳು ಹೇಳಿ ಬೆರಳು ಬಿಡಿಸಿದಳು.

ಕೆಲ ವರ್ಷ ಕ್ರಿಸ್ಮಸ್ಸಿಗೆ ಕಾರ್ಡು ಬಂತು, ಆಮೇಲೆ ನಿಂತಿತು. ಸಿಸ್ಟರ್‌ಗೆ ವರ್ಗವಾಯಿತು. ಬರೆದುಕೊಡಲು ಯಾರೂ ಉಳಿಯಲಿಲ್ಲ.

೧೯೪೪ರಲ್ಲಿ, ಯುದ್ಧದ ಕಾಲದಲ್ಲಿ, ಚಾಳಿನ ಮುಂದೆ ಟಾಂಗಾದಿಂದ ವಿಮಾನದಳದ ಇಬ್ಬರು ಅಧಿಕಾರಿಗಳು ಇಳಿದರು. ನೆರೆಮನೆಯ ಭೀಮವ್ವ ಕೂಗಿದಳು, "ಶಿವಗಂಗಾ, ಯಾರೋ ಸಾಹೇಬ್ರು ನಿನ್ನ ಕೇಳಾಕತ್ತಾರ."

ಒಬ್ಬನ ಬೆಕ್ಕಿನ ಕಣ್ಣು ನೋಡಿದ ಕೂಡಲೇ ಅವಳಿಗೆ ತಮ್ಮನ ಗುರುತು ಸಿಕ್ಕಿತು. ಕನ್ನಡ ಅವನಿಗೆ ಮರೆತುಹೋಗಿತ್ತು. ತುಟಿ ಅಲುಗಿಸಿ "ಅಕ್ಕಾ" ಎಂದಷ್ಟೇ ಅಂದ. ಜೊತೆಯವನು, ಈ ಹೆಂಗಸು ಯಾರೆಂದು ಇಂಗ್ಲಿಷಿನಲ್ಲಿ ಕೇಳಿದ. ಅಷ್ಟು ಇಂಗ್ಲಿಷು ಅವಳಿಗೆ ಆಸ್ಪತ್ರೆಯಲ್ಲಿ ಬಂದಿತ್ತು. ತಮ್ಮನ ಮುಖ ಬಿಳಿಚಿಕೊಂಡದ್ದನ್ನು ಕಂಡು ಅವಳೇ ಕೈಮುಗಿದು, ನಾನು ಸಾಹೇಬರನ್ನು ಸಣ್ಣವರಿದ್ದಾಗ ಆಡಿಸಿದ ಆಯಾ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದಳು. ಸುಂದರ ನೆಲ ನೋಡುತ್ತ ಒಂದು ನೋಟು ಚಾಚಿದ. ಆಯಾ ಆದವಳು ಬೇಡವೆನ್ನುವುದಿಲ್ಲವಲ್ಲ, ತೆಗೆದುಕೊಂಡಳು.

ಟಾಂಗಾ ಹೋದ ಮೇಲೆ ಭೀಮವ್ವ ಗದರಿಸಿದಳು. "ಆಯಾ ಅಂತ ಯಾಕಂದಿ? ತಮ್ಮ ಅಲ್ಲೇನು ನಿನಗ?"

"ಆಯಾ ಅಲ್ಲ, ಈಕಿ ನಮ್ಮಕ್ಕ ಅಂತಾನ ಅಂತ ತಿಳದಿದ್ನಿ," ಎಂದು ಶಿವಗಂಗವ್ವ ಹೊಸ್ತಿಲ ಮೇಲೆ ಕುಳಿತಳು.

ಅವನು ಮತ್ತೆ ಬರಲಿಲ್ಲ. ೧೯೪೭ರಲ್ಲಿ ಘೋರಪಡಿಯ ಅರೆಗೋರಾ ಕುಟುಂಬಗಳು ಹಡಗು ಹತ್ತತೊಡಗಿದಾಗ, ತಮ್ಮನ ಹೆಸರು ಹೇಳಿ ನೀನೂ ಹೋಗು ಎಂದು ಯಾರೋ ಹೇಳಿದರು. ನನಗೆ ತಮ್ಮನೇ ಇಲ್ಲ ಎಂದಳು. ಆ ಚಳಿಗಾಲದಲ್ಲೇ ತೀರಿಕೊಂಡಳು. ಭೀಮವ್ವನ ಮನೆಯವರು ಮಣ್ಣು ಮಾಡಿದರು.