ಸಾಹೇಬರು ಗುಡಿಸಿದ ಪಟ್ಟಿ

ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ಕೂರುವ ಆಕೆಗೆ ಎಲ್ಲರೂ ಇಟ್ಟ ಹೆಸರು ಜರಡಿಯಮ್ಮ. ನಲವತ್ತು ಸಾವಿರ ಪುಸ್ತಕಗಳ ಪಟ್ಟಿ ಅವಳ ಸುಪರ್ದಿನಲ್ಲಿತ್ತು. ಅದನ್ನು ಟೈಪು ಮಾಡಿದ ಪುಣ್ಯಾತ್ಮರು ಬಿಟ್ಟುಹೋದ ಕಸ ಒಂದೆರಡಲ್ಲ: ಶೀರ್ಷಿಕೆಯ ನಡುವೆ ನಕ್ಷತ್ರ, ಸಾಲಿನ ಕೊನೆಗೆ ಚೌಕಾಕಾರದ ಡಬ್ಬಿ, ಎಲ್ಲೆಂದರಲ್ಲಿ ಖಾಲಿ ಜಾಗ. ಜರಡಿಯಮ್ಮ ಶೆಲ್ ಸ್ಕ್ರಿಪ್ಟ್ ಎಂಬ ಎರಡೇ ಸಾಲಿನ ಆಜ್ಞೆಯನ್ನು ಕಂಪ್ಯೂಟರಿಗೆ ಬರೆದು ಓಡಿಸಿದರೆ ಅಷ್ಟೂ ಮಾಯ! "ನಮ್ಮ ಸೊಸೆ ಆಫೀಸಲ್ಲೂ ಕಸ ತೆಗೀತಾಳೆ," ಎಂದು ಅತ್ತೆ ನೆಂಟರ ಮುಂದೆಲ್ಲ ಹೇಳಿ ಮಾನ ಕಳೆಯುತ್ತಿದ್ದರು. ಪಾಪ, ಹೆಮ್ಮೆಯಿಂದಲೇ.

ಹೊಸದಾಗಿ ಬಂದ ಸಾಹೇಬರಿಗೆ ಇದು ಹಿಡಿಸಲಿಲ್ಲ.

"ಎರಡು ಸಾಲಿಗೆ ಒಬ್ಬರು ಯಾಕ್ರೀ? ಸೋಮವಾರದಿಂದ ಉಗ್ರಾಣಕ್ಕೆ ಹೋಗಿ, ಹರಿದ ಪುಸ್ತಕ ಅಂಟಿಸಿ."

ಅದು ಜರಡಿಯಮ್ಮ ಹನ್ನೆರಡು ವರ್ಷ ಪ್ರೀತಿಯಿಂದ ಮಾಡಿದ ಕೆಲಸ. ಅಳುವೇ ಬಂತು, ಆದರೆ ಇವರ ಮುಂದೆ ಅಳುವುದುಂಟೇ?

"ಆಗಲಿ ಸರ್. ಒಂದ್ಸಲ ನೀವೇ ಓಡಿಸಿ ನೋಡಿ."

"ಅದೇನು ಬ್ರಹ್ಮವಿದ್ಯೆನಾ?" ಎಂದು ಸಾಹೇಬರು ಅವಳ ಎರಡು ಸಾಲನ್ನು ಬರೆದುಕೊಂಡು ಹೋಗಿ ತಮ್ಮ ಕಂಪ್ಯೂಟರಿನ ಮುಂದೆ ಕೂತರು. ಜರಡಿಯಮ್ಮ ಶುದ್ಧವಾದ ಪಟ್ಟಿಯನ್ನು ಯಾವಾಗಲೂ ಹೊಸ ಹೆಸರಿನ ಕಡತಕ್ಕೆ ಇಳಿಸುತ್ತಿದ್ದಳು. ಒಂದು ಪಟ್ಟಿಗೆ ಎರಡು ಕಡತ ದಂಡವೆಂದು ಸಾಹೇಬರು ಓದುವ ಕಡತಕ್ಕೂ ಬರೆಯುವ ಕಡತಕ್ಕೂ ಹಳೆಯ ಹೆಸರನ್ನೇ ಹಾಕಿ ಗುಂಡಿ ಒತ್ತಿದರು. ಕಂಪ್ಯೂಟರ್ ಬಲು ವಿಧೇಯ. ಬರೆಯಲು ಜಾಗ ಬೇಕಲ್ಲ ಎಂದು, ಓದುವ ಮೊದಲೇ ಕಡತವನ್ನು ಖಾಲಿ ಮಾಡಿತು.

ಊಟದ ಹೊತ್ತಿಗೆ ಸಾಹೇಬರು ಮುಖ ಸಣ್ಣದು ಮಾಡಿಕೊಂಡು ಹಿಂಬದಿ ಕೋಣೆಗೆ ಬಂದರು.

"ಮೇಡಂ, ಪಟ್ಟೀಲಿ ಒಂದಕ್ಷರನೂ ಉಳಿದಿಲ್ಲ."

"ಅಯ್ಯೋ, ಇಷ್ಟು ಚೊಕ್ಕ ಮಾಡೋಕೆ ನನಗೆ ಇವತ್ತಿನವರೆಗೂ ಬಂದಿಲ್ಲ ಸರ್!"

"ತಮಾಷೆ ಬೇಡ ರೀ, ನಾಳೆ ತಪಾಸಣೆಗೆ ಬರ್ತಾರೆ. ನನ್ನ ಕಥೆ ಮುಗೀತು."

ಅವಳು ನಿಧಾನವಾಗಿ ಬುತ್ತಿ ಮುಚ್ಚಿದಳು, ಕೈ ತೊಳೆದಳು, ಒರೆಸಿಕೊಂಡಳು. ಸಾಹೇಬರ ಹಣೆಯಲ್ಲಿ ಬೆವರು ಕಂಡ ಮೇಲೆ ಬೆಳಿಗ್ಗೆಯೇ ತೆಗೆದಿಟ್ಟ ನಕಲನ್ನು ಪರದೆಯ ಮೇಲೆ ತೆರೆದಳು. ನಲವತ್ತು ಸಾವಿರವೂ ಅಲ್ಲಿದ್ದವು. ಸಾಹೇಬರು ಕುರ್ಚಿಗೆ ಒರಗಿ ಉಸಿರು ಬಿಟ್ಟರು.

"ನೀವು ಇಲ್ಲೇ ಇರಿ, ಎಲ್ಲಿಗೂ ಹೋಗ್ಬೇಡಿ. ಆದ್ರೆ ನಿಮ್ಮ ವರ್ಗಾವಣೆ ಪತ್ರ ಕಂಪ್ಯೂಟರಲ್ಲಿ ಟೈಪಾಗಿ ಕೂತಿದೆಯಲ್ಲ, ಅದನ್ನೇನು ಮಾಡ್ಲಿ?"

"ಅದರ ಮೇಲೂ ನೀವೇ ಒಂದ್ಸಲ ಓಡಿಸಿಬಿಡಿ ಸರ್," ಎಂದಳು ಜರಡಿಯಮ್ಮ.